ಕನ್ವರ್ಜೆನ್ಸ್ ಎಂದರೆ ಪಿಡಿಎಫ್ ಅಲ್ಲ

ಮಂಗಳೂರಿನ ಕಾಲೇಜೊಂದರ ಕಾರ್ಯಾಗಾರದ ಆಮಂತ್ರಣ ವಾಟ್ಸಾಪಿಗೆ ಬಂತು. ತಲೆಬರಹ ‘ಮೀಡಿಯಾ ಕನ್ವರ್ಜೆನ್ಸ್’, ಅಂದರೆ ಬೇರೆ ಬೇರೆ ಮಾಧ್ಯಮಗಳು ಒಂದರೊಳಗೊಂದು ಬೆರೆಯುವುದು. ಒಳಗಿದ್ದದ್ದು ಮೊಬೈಲಿನಲ್ಲಿ ವಿಡಿಯೋ ಎಡಿಟ್ ಮಾಡುವ ತರಬೇತಿ. ತರಬೇತಿ ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಹೊಸತಾಗಿ ಕಂಡದ್ದಕ್ಕೆಲ್ಲ ಈ ಹೆಸರು ಅಂಟಿಸುವುದು ಯಾಕೋ ಜಾಸ್ತಿಯಾಯಿತು.

ಹಿಂದೆ ಫೋನಿಗೆ ತಂತಿ, ರೇಡಿಯೋಗೆ ತರಂಗ, ಸುದ್ದಿಗೆ ಕಾಗದ ಎಂದು ದಾರಿಗಳು ಬೇರೆ ಬೇರೆ ಇದ್ದವು. ಈ ಗೆರೆಗಳು ಅಳಿಸಿಹೋಗುತ್ತಿವೆ ಎಂದು ಅಮೆರಿಕದ ಸಮಾಜವಿಜ್ಞಾನಿ ಇಥಿಯಲ್ ಡಿ ಸೋಲಾ ಪೂಲ್ 1983ರಲ್ಲೇ ಬರೆದರು. ನಮ್ಮ ಸಂಸತ್ತಿನಲ್ಲೂ 2001ರಲ್ಲಿ ‘ಕಮ್ಯುನಿಕೇಶನ್ ಕನ್ವರ್ಜೆನ್ಸ್’ ಹೆಸರಿನ ಮಸೂದೆ ಮಂಡನೆಯಾಗಿತ್ತು, ಕಾಯ್ದೆ ಆಗಲಿಲ್ಲ. ಅಮೆರಿಕದ ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್ 2006ರಲ್ಲಿ ಇನ್ನೊಂದು ಮಾತು ಸೇರಿಸಿದರು: ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಬಂದು ಕೂರುವುದಲ್ಲ, ಮಾಧ್ಯಮಗಳು ಬೆರೆಯುವುದು ಬಳಸುವವರ ತಲೆಯಲ್ಲಿ, ಅವರ ಒಡನಾಟದಲ್ಲಿ.

ಎಡವುವುದು ಇಲ್ಲೇ. ಇ-ಪೇಪರ್ ಬಂತು, ಅದೇ ಕನ್ವರ್ಜೆನ್ಸ್ ಅನ್ನುತ್ತಾರೆ. ಅಲ್ಲ ಮಾರಾಯ್ರೆ, ಅದು ಡಿಜಿಟಲೀಕರಣ. ಕಾಗದದ ಪುಟವೇ ಪಿಡಿಎಫ್ ಆಗಿ ಪರದೆಗೆ ಬಂದಿದೆ, ಅಷ್ಟೇ. ದುಬೈಯಲ್ಲಿರುವ ಮಗ ಬೆಳಿಗ್ಗೆ ಎದ್ದು ಉಡುಪಿ ಪುಟ ತೆರೆಯುತ್ತಾನೆ. ನಿಧನ ಸುದ್ದಿಯನ್ನಷ್ಟೇ ಕತ್ತರಿಸಿ ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾನೆ. ಬ್ರಹ್ಮಾವರದ ಮನೆಯ ಜಗಲಿಗೆ ಪೇಪರ್ ಬೀಳುವ ಮೊದಲೇ ಅಮ್ಮನಿಗೆ ಸುದ್ದಿ ಗೊತ್ತು. ‘ಇದು ನಮ್ಮ ಮೂಡುಮನೆಯವರಾ?’ ಎಂದು ಅವರ ವಾಯ್ಸ್ ಮೆಸೇಜ್. ಆಮೇಲೂ ಪೇಪರ್ ಬಿಡಿಸಿ ಫೋಟೋ ಸರಿಯಾಗಿ ನೋಡುತ್ತಾರೆ. ಹಳೆಯದು ಹೋಗಿಲ್ಲ, ಅದರ ಕೆಲಸ ಬದಲಾಗಿದೆ. ಸುದ್ದಿ ತಿಳಿಸುತ್ತಿದ್ದದ್ದು ಈಗ ಸುದ್ದಿ ಖಾತ್ರಿ ಮಾಡುತ್ತದೆ. ಕನ್ವರ್ಜೆನ್ಸ್ ಅಂದರೆ ಈ ಓಡಾಟ.

ಯಕ್ಷಗಾನದಲ್ಲಂತೂ ಇದು ಕಣ್ಣಿಗೆ ಹೊಡೆಯುತ್ತದೆ. ಆಟವನ್ನು ಯೂಟ್ಯೂಬಿನಲ್ಲಿ ಲೈವ್ ಬಿಟ್ಟರೆ ಅದು ಬರೀ ಪ್ರಸಾರ. ಆಕಾಶವಾಣಿ ಮಂಗಳೂರು ಶುರುವಾದದ್ದು 1976ರಲ್ಲಿ, ಪ್ರಸಾರ ನಮಗೇನು ಹೊಸತಲ್ಲ. ಆದರೆ ‘ದೇವಿ ಮಹಾತ್ಮೆ’ ಪ್ರಸಂಗದ ರಾತ್ರಿ ಚುರುಮುರಿ ಅಂಗಡಿಯ ಎದುರು ನೋಡಿ. ಕೈಯಲ್ಲಿ ಪೊಟ್ಟಣ ಹಿಡಿದು ನಿಂತ ಹುಡುಗ ಅದೇ ಆಟದ ಲೈವ್ ನೋಡುತ್ತಿರುತ್ತಾನೆ. ಚೆಂಡೆಯ ಪೆಟ್ಟು ಮೊದಲು ಕಿವಿಗೆ, ಸ್ವಲ್ಪ ತಡೆದು ಮೊಬೈಲಿಗೆ. ಮಹಿಷಾಸುರ ದೊಂದಿ ಹಿಡಿದು ಬರುವ ಹೊತ್ತಾಯಿತು ಅಂತ ಕಂಡರೆ ಸಭೆಗೆ ಓಡುತ್ತಾನೆ, ತನ್ನದೂ ಒಂದು ವಿಡಿಯೋ ಮಾಡುತ್ತಾನೆ, ಅಲ್ಲಿಂದಲೇ ಸ್ಟೇಟಸ್ಸಿಗೆ ಹಾಕುತ್ತಾನೆ. ಅದನ್ನು ಮುಂಬೈಯಲ್ಲಿ ನೋಡಿದ ಸಂಬಂಧಿಕ ಊರಿಗೆ ಬರುವ ದಿನವನ್ನು ಮೇಳದ ಕ್ಯಾಲೆಂಡರ್ ನೋಡಿ ಗೊತ್ತು ಮಾಡುತ್ತಾನೆ. ನೋಡುವವನೇ ಹಂಚುವವನೂ ಆದ, ಪರದೆ ನೋಡಿದವನು ಬಯಲಿಗೂ ಬಂದ. ಇದಕ್ಕೆ ಆ ಪದ ಸಲ್ಲುತ್ತದೆ.

ಹಾಗಂತ ಎಲ್ಲ ಬದಲಾವಣೆಯನ್ನೂ ಇದರ ತಲೆಗೆ ಕಟ್ಟಬೇಡಿ. ರಾತ್ರಿಯಿಡೀ ಕೂರುವ ತಾಳ್ಮೆಯನ್ನು ಮೊಬೈಲ್ ತಿಂದಿತು, ಅದಕ್ಕೇ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಆಟ ಬಂತು ಅನ್ನುವವರು ಬಹಳ. ಮೊಬೈಲು ಜೇಬಿಗೆ ಬರುವ ಮೊದಲೇ ಕಾಲಮಿತಿಯ ಆಟಗಳಿದ್ದವು. ಮೇಲಿಂದ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಸುಮ್ನೆ ಮೊಬೈಲನ್ನು ಬೈಯುವ ಮೊದಲು ಆ ನಿಯಮವನ್ನೊಮ್ಮೆ ಓದಬಹುದು ಅಲ್ವಾ?