ಸತ್ತವನು ಕೊನೆಗೆ ಬಂದದ್ದು ಹೇಗೆ? 'ಇಲ್ ಮಾರೆ' ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: 'ಇಲ್ ಮಾರೆ' ಅನ್ನುವ ಕೊರಿಯನ್ ಸಿನಿಮಾ ನೋಡಿದೆ. ಹುಡುಗ ಅಪಘಾತದಲ್ಲಿ ಸತ್ತಿದ್ದಾನೆ ಅಂತ ಅವನಿಗೆ ಪತ್ರ ಬರೆಯುತ್ತಿದ್ದ ಹುಡುಗಿಗೆ ಗೊತ್ತಾಗುತ್ತದೆ. ಆಮೇಲೆ ಕೊನೆಯ ದೃಶ್ಯದಲ್ಲಿ ಅವನೇ ಬಂದು ನಿಲ್ಲುತ್ತಾನೆ. ಆದರೆ ಅವಳಿಗೆ ಅವನ ಗುರುತೇ ಇಲ್ಲ! ಹಾಗಾದ್ರೆ ಅಷ್ಟೂ ಪತ್ರ ಬರೆದವಳು ಯಾರು?

ಈ ಸಿನಿಮಾ ನೋಡಿದವರು ಹೆಚ್ಚುಕಮ್ಮಿ ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಹೇಳಬೇಕಂದ್ರೆ ಕಥೆ ಪೂರ್ತಿ ಬಿಚ್ಚಲೇಬೇಕು. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ಲೀ ಹ್ಯುನ್-ಸಂಗ್ ನಿರ್ದೇಶಿಸಿದ ಈ ಸಿನಿಮಾ ಬಂದದ್ದು 2000ದಲ್ಲಿ. 'ಸ್ಕ್ವಿಡ್ ಗೇಮ್'ನಲ್ಲಿ 456ನೇ ನಂಬರಿನ ಆಟಗಾರನಾಗಿ ನೀವು ನೋಡಿದ ಲೀ ಜಂಗ್-ಜೇ ಇಲ್ಲಿ ಇನ್ನೂ ಇಪ್ಪತ್ತೇಳರ ಆಸುಪಾಸಿನ ಚೆಲುವ. ಜೊತೆಗೆ ಜುನ್ ಜಿ-ಹ್ಯುನ್. ಕೊರಿಯನ್ ಹೆಸರು 'ಸಿವೊರೇ', ಅಂದ್ರೆ ಕಾಲವನ್ನು ದಾಟಿದ ಪ್ರೀತಿ. ಆ ಭಾಷೆಯಲ್ಲಿ 'ಸಿವೊಲ್' ಅಂದ್ರೆ ಅಕ್ಟೋಬರ್ ಕೂಡ ಹೌದು. ಹಾಗಾಗಿ ಹೆಸರು ಕೇಳಿದವರಿಗೆ 'ಅಕ್ಟೋಬರ್ ಪ್ರೀತಿ' ಅನ್ನುವ ಅರ್ಥವೂ ಹೊಳೆಯುತ್ತದೆ. 'ಇಲ್ ಮಾರೆ' ಇಟಾಲಿಯನ್, ಸಮುದ್ರ ಅಂತ ಅರ್ಥ. ಅದು ಮನೆಯ ಹೆಸರು. ಕೊರಿಯಾದ ಪಶ್ಚಿಮ ಕರಾವಳಿಯ ಒಂದು ದ್ವೀಪದಲ್ಲಿ ಕಂಬಗಳ ಮೇಲೆ ನಿಲ್ಲಿಸಿದ ಸೆಟ್ಟು. ಸಮುದ್ರ ಹಿಂದೆ ಸರಿದಾಗ ಕೆಳಗೆ ಬರೀ ಕೆಸರು. ಎದುರಿಗೊಂದು ಅಂಚೆಪೆಟ್ಟಿಗೆ.

ನಾಯಕಿ ಉನ್‌ಜೂ ಇರುವುದು 1999ರ ಕೊನೆಯಲ್ಲಿ. ನಾಯಕ ಸಂಗ್‌ಹ್ಯುನ್ ಇರುವುದು 1997ರ ಕೊನೆಯಲ್ಲಿ. ಅವಳು ಮನೆ ಖಾಲಿ ಮಾಡುವಾಗ ಮುಂದೆ ಬರುವವರಿಗೆ ಅಂತ ಹಾಕಿದ ಪತ್ರ, ಎರಡು ವರ್ಷ ಹಿಂದಿರುವ ಅವನ ಕೈಗೆ ಸಿಗುತ್ತದೆ. ಹೇಗೆ ಅಂತ ಕೇಳಬೇಡಿ, ಸಿನಿಮಾ ಕೂಡ ಹೇಳುವುದಿಲ್ಲ. ಹೇಳದೇ ಇದ್ದದ್ದೇ ಒಳ್ಳೆಯದಾಯಿತು.

ಈಗ ಗಂಟು ಬಿಡಿಸೋಣ. ಅವಳು ರೈಲು ನಿಲ್ದಾಣದಲ್ಲಿ ಟೇಪ್ ರೆಕಾರ್ಡರ್ ಮರೆತು ಹೋಗಿದ್ದಳಲ್ಲ, ಅದನ್ನು ನೆನಪಿಸಿಕೊಳ್ಳಿ. ಅವಳಿಗೆ ಅದು ಹಳೆಯ ಮಾತು. ಅವನಿಗೆ ಅದಿನ್ನೂ ನಡೆಯಬೇಕಾದ್ದು. ಆ ದಿನ ಅವನು ನಿಲ್ದಾಣಕ್ಕೆ ಹೋಗಿ ಅದನ್ನು ಎತ್ತಿಕೊಳ್ಳುತ್ತಾನೆ, ಅದು ಅವಳ ಕೈ ಸೇರುತ್ತದೆ. ಇಲ್ಲಿ ಹಿಂದೆ ನಡೆದದ್ದು ಏನಾದರೂ ಬದಲಾಯಿತಾ? ಇಲ್ಲ. ಅವಳು ಕಳೆದುಕೊಂಡದ್ದು ನಿಜ, ಎರಡು ವರ್ಷ ಅದಿಲ್ಲದೆ ಇದ್ದದ್ದೂ ನಿಜ. ಕಳೆದದ್ದು ಎಲ್ಲಿಗೆ ಹೋಗಿತ್ತು ಅನ್ನುವುದಷ್ಟೇ ಈಗ ತಿಳಿಯಿತು.

ಜೇಜು ದ್ವೀಪದ ಭೇಟಿಯೂ ಇದೇ ಲೆಕ್ಕ. ಅಲ್ಲಿ ಸಿಗೋಣ ಅಂತ ಮಾತಾಗುತ್ತದೆ. ಅವಳು ಕಾಯಬೇಕಾದ್ದು ಕೆಲವೇ ದಿನ, ಅವನು ಎರಡು ವರ್ಷ. ಅವಳು ಹೋಗುತ್ತಾಳೆ, ಅವನು ಬರುವುದಿಲ್ಲ. ಮರೆತನೇನೋ, ಮನಸ್ಸು ಬದಲಾಯಿತೇನೋ ಅಂತ ನಾವೂ ಅಂದುಕೊಳ್ಳುತ್ತೇವೆ. ಆದರೆ ಅವನು ಬರದೇ ಇದ್ದದ್ದು ಬದುಕಿಲ್ಲದ್ದರಿಂದ. ಬಿಟ್ಟುಹೋದ ಪ್ರೇಮಿಯನ್ನು ತಡೆಯಲು ಸಹಾಯ ಮಾಡು ಅಂತ ಅವಳೇ ಬರೆದ ಪತ್ರ ಅವನನ್ನು ಅಪಘಾತವಾದ ಆ ರಸ್ತೆಗೆ ಕಳಿಸಿತ್ತು. ಎರಡನೇ ಸಲ ನೋಡುವಾಗ ಜೇಜು ದೃಶ್ಯ ಹೊಟ್ಟೆ ಕಿವುಚುತ್ತದೆ.

ಅಂದ್ರೆ ಅಲ್ಲಿಯವರೆಗೆ ಸಿನಿಮಾದ ನಿಯಮ ಒಂದೇ: ಆದದ್ದು ಆಯಿತು. ಆ ನಿಯಮ ಮುರಿಯುವುದು ಅವಳು ಅಂಚೆಪೆಟ್ಟಿಗೆಗೆ ಓಡಿ ಬಂದು 'ಹೋಗಬೇಡ' ಅಂತ ಹಾಕುವ ಪತ್ರದಲ್ಲಿ. ಅವನು ಸತ್ತದ್ದರಿಂದ ಅವಳು ಪತ್ರ ಬರೆದಳು. ಪತ್ರ ಸಿಕ್ಕಿದ್ದರಿಂದ ಅವನು ಸಾಯಲಿಲ್ಲ. ಸಾಯಲಿಲ್ಲ ಅಂದಮೇಲೆ ಪತ್ರ ಬರೆಯುವ ಕಾರಣವೇ ಇಲ್ಲ! ಬೀಜ ಮೊದಲೋ ಮರ ಮೊದಲೋ ಅನ್ನುವ ಹಾಗೆ ಇಲ್ಲಿ ಸುತ್ತುತ್ತಲೇ ಇರಬಹುದು.

ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಹೀಗೆ: ಪತ್ರ ಬರೆದವಳು ಮೊದಲ ಸಲದ ಉನ್‌ಜೂ. ಕೊನೆಯ ದೃಶ್ಯದಲ್ಲಿ ಇರುವವಳು ಎರಡನೇ ಸಲದವಳು. ಅವನು ಬಂದು ನಿಲ್ಲುವುದು 1999ರಲ್ಲಿ ಅವಳು ಮನೆ ಬಿಡುವ ದಿನ, ಅಂದ್ರೆ ಸಿನಿಮಾ ಶುರುವಾದ ಜಾಗಕ್ಕೇ. ಇವಳು ಇನ್ನೂ ಯಾರಿಗೂ ಕಾದಿಲ್ಲ, ಜೇಜುವಿಗೆ ಹೋಗಿಲ್ಲ, ಅಪಘಾತದ ಸುದ್ದಿ ಕೇಳಿ ಅತ್ತಿಲ್ಲ. ಇನ್ನು ಮೇಲೆ ಅದ್ಯಾವುದೂ ನಡೆಯುವುದೂ ಇಲ್ಲ. ಅವನ ಕೈಲಿರುವ ಪತ್ರದ ಅಕ್ಷರ ಅವಳದ್ದೇ, ಬರೆದ ನೆನಪು ಮಾತ್ರ ಅವಳಿಗಿಲ್ಲ. ಎರಡು ವರ್ಷದ ಪ್ರೀತಿ ಪೂರ್ತಿ ಅವನೊಬ್ಬನ ತಲೆಯಲ್ಲಿದೆ.

2006ರಲ್ಲಿ ಹಾಲಿವುಡ್‌ನವರು ಇದನ್ನೇ 'ದಿ ಲೇಕ್ ಹೌಸ್' ಅಂತ ಮಾಡಿದರು, ಕಿಯಾನು ರೀವ್ಸ್ ಮತ್ತು ಸಾಂಡ್ರಾ ಬುಲಕ್ ಇದ್ದಾರೆ. ಅಲ್ಲಿ ಅವನು ಬರುವುದು ಅವಳು ಕೊನೆಯ ಪತ್ರ ಹಾಕಿದ ಮೇಲೆ. ಅವಳಿಗೆ ಎಲ್ಲ ಗೊತ್ತಿದೆ, ಅಳು ಬರುತ್ತದೆ, ಮುತ್ತಿಡುತ್ತಾಳೆ. ನೋಡುವವರಿಗೆ ಸಮಾಧಾನ ಜಾಸ್ತಿ, ಒಪ್ಪುತ್ತೇನೆ. ಆದರೂ ನನಗೆ ಕೊರಿಯನ್ನರ ಮುಗಿತಾಯವೇ ಇಷ್ಟ. ಅಲ್ಲಿ ಇಬ್ಬರು ಮತ್ತೆ ಸೇರುವುದಿಲ್ಲ, ಒಬ್ಬ ಅಪರಿಚಿತ ಪರಿಚಯ ಮಾಡಿಕೊಳ್ಳಲು ಬಂದಿದ್ದಾನೆ, ಅಷ್ಟೇ. ತುಂಬಾ ಉದ್ದದ ಕಥೆಯೊಂದನ್ನು ಹೇಳುತ್ತೇನೆ, ನಂಬುತ್ತೀರಾ ಅಂತ ಅವನು ಕೇಳುತ್ತಾನೆ. ಅವಳು ನಂಬದೆ ಬಾಗಿಲು ಹಾಕಿಕೊಂಡರೂ ತಪ್ಪಿಲ್ಲ, ಅಲ್ವಾ? ನಮ್ಮ ಮನೆ ಮುಂದೆ ಯಾರಾದರೂ ಬಂದು ಹಾಗೆ ಕೇಳಿದ್ದರೆ ನಾವೇನು ಮಾಡುತ್ತಿದ್ದೆವು?