ಮರದ ಕಾಲೇಜು ಕಟ್ಟಡ: ಆಯುಸ್ಸು ಇರುವುದು ಅಂಟಿನಲ್ಲಿ

2018ರ ಮಾರ್ಚ್. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಅರಣ್ಯಶಾಸ್ತ್ರ ಕಾಲೇಜಿಗೆಂದು ಕಟ್ಟಿಸುತ್ತಿದ್ದ ಪೀವಿ ಹಾಲ್‌ನಲ್ಲಿ, ಮೂರನೇ ಮಹಡಿಯ ಮರದ ನೆಲದ ಒಂದು ಭಾಗ ಪದರ ಬಿಚ್ಚಿಕೊಂಡು ಕೆಳಗೆ ಬಿತ್ತು. ಮರ ಮುರಿದಿರಲಿಲ್ಲ, ಅಂಟು ಕೈಕೊಟ್ಟಿತ್ತು.

ಆ ನೆಲದ ಫಲಕವನ್ನು ಸಿಎಲ್‌ಟಿ (ಕ್ರಾಸ್ ಲ್ಯಾಮಿನೇಟೆಡ್ ಟಿಂಬರ್, ಅಡ್ಡ-ಉದ್ದ ಪದರಗಳನ್ನು ಅಂಟಿಸಿದ ಮರ) ಎನ್ನುತ್ತಾರೆ. ಪ್ಲೈವುಡ್ಡಿನ ಹಾಗೆಯೇ ಒಂದು ಪದರದ ನಾರು ಉದ್ದಕ್ಕೆ, ಮುಂದಿನದರದ್ದು ಅಡ್ಡಕ್ಕೆ. ಆದರೆ ಪದರವೆಂದರೆ ಇಲ್ಲಿ ತೆಳುಹಾಳೆಯಲ್ಲ, ಇಂಚಿಗೂ ಮಿಗಿಲು ದಪ್ಪದ ಹಲಗೆಗಳ ಸಾಲು. ಸಾಮಾನ್ಯವಾಗಿ 3, 5 ಅಥವಾ 7 ಪದರ. ಮರ ಒಣಗುವಾಗ ನಾರಿನ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಬಹಳ. ಆ ಕುಗ್ಗುವಿಕೆಯನ್ನು ಪಕ್ಕದ ಪದರ ಹಿಡಿದು ನಿಲ್ಲಿಸುತ್ತದೆ. 1990ರ ದಶಕದಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗೆರ್ಹಾರ್ಡ್ ಶಿಕ್‌ಹೋಫರ್ ಇದರ ಲೆಕ್ಕಾಚಾರಕ್ಕೆ ಬುನಾದಿ ಹಾಕಿದರು.

ಹಲಗೆಯ ತೇವಾಂಶ ಶೇ 12ರ ಆಸುಪಾಸಿನಲ್ಲಿರಬೇಕು. ಅಂಟು ಹಚ್ಚಿದ ಮೇಲೆ ಗೊತ್ತುಪಡಿಸಿದ ಸಮಯದೊಳಗೆ, ಪದರಗಳನ್ನು ಒತ್ತಿ ಕೂಡಿಸುವ ಪ್ರೆಸ್ಸಿಗೆ ಹೋಗಬೇಕು. ಪೀವಿಯ ಫಲಕಗಳಲ್ಲಿ ಎಡವಟ್ಟಾದದ್ದು ಇಲ್ಲಿಯೇ. ಅಂಟು ಹಚ್ಚುವ ಮುಂಚೆ ಹಲಗೆಗಳನ್ನು ಬಿಸಿ ಮಾಡಿದ್ದರು. ಆ ಬಿಸಿಗೆ ಪ್ರೆಸ್ ಒತ್ತುವ ಮೊದಲೇ ಅಂಟು ಗಟ್ಟಿಯಾಗತೊಡಗಿತು. ಇಂಥ ಫಲಕ ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ, ಅದೇ ಅಪಾಯ. ದೋಷವಿದ್ದ ಫಲಕಗಳನ್ನು ಕಿತ್ತು ಬೇರೆ ಕೂರಿಸಿ, 2020ರಲ್ಲಿ ಕಟ್ಟಡ ತೆರೆಯಿತು.

ಬೆಂಕಿಯ ಪ್ರಶ್ನೆಯೂ ಅಂಟಿಗೇ ಬಂದು ನಿಲ್ಲುತ್ತದೆ. ದಪ್ಪ ಮರ ನಿಮಿಷಕ್ಕೆ ಸುಮಾರು 0.65 ಮಿ.ಮೀ.ನಂತೆ ಕರಕಲಾಗುತ್ತದೆ, ಆ ಕರಕಲೇ ಒಳಗಿನ ಮರಕ್ಕೆ ಹೊದಿಕೆ. ಬಿಸಿಗೆ ಅಂಟು ಮೆತ್ತಗಾದರೆ ಕರಕಲು ಪದರ ಕಳಚಿ, ಹಸನಾದ ಮರ ಮತ್ತೆ ಬೆಂಕಿಗೆ ಬೀಳುತ್ತದೆ. 2018ರಲ್ಲಿ ಪರಿಷ್ಕರಿಸಿದ ಉತ್ತರ ಅಮೆರಿಕದ ಮಾನದಂಡ, ಶಾಖ ತಾಳುವ ಅಂಟನ್ನೇ ಕಡ್ಡಾಯ ಮಾಡಿತು.

ಇಷ್ಟೆಲ್ಲ ಪಾಡು ಯಾಕೆ? ಒಂದು ಘನ ಮೀಟರ್ ಡಗ್ಲಸ್ ಫರ್ ಮರ ಸುಮಾರು 500 ಕೆ.ಜಿ. ತೂಗುತ್ತದೆ, ಅದರಲ್ಲಿ ಅರ್ಧ ಇಂಗಾಲ. ಆ ಇಂಗಾಲ ಆಮ್ಲಜನಕದೊಡನೆ ಸೇರಿದರೆ ಆಗುವ ತೂಕದ ಲೆಕ್ಕದಲ್ಲಿ, ಸುಮಾರು 900 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಅಡಗಿದೆ. ಆದರೆ ಈ ಲಾಭ ಕಟ್ಟಡ ನಿಂತಿರುವಷ್ಟು ದಿನ ಮಾತ್ರ. 'ಹಸಿರು ಕಟ್ಟಡ' ಎಂದು ಹೊಗಳುವವರು ಈ ಮಾತನ್ನು ಬಿಟ್ಟೇಬಿಡುತ್ತಾರೆ. ಕಟ್ಟಡ ನಿಲ್ಲಬೇಕೆಂದರೆ ಭೂಕಂಪವನ್ನೂ ತಾಳಬೇಕು, ಒರೆಗಾನ್ ಅಂತೂ ದೊಡ್ಡ ಭೂಕಂಪದ ವಲಯದ ಮೇಲೆ ಕೂತಿದೆ.

ಅದಕ್ಕೆಂದೇ ಪೀವಿಯ ಗೋಡೆಗಳನ್ನು ತೂಗಾಡುವಂತೆ ಮಾಡಿದ್ದಾರೆ. ಈ ವಿದ್ಯೆ ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. ಗೋಡೆಯೊಳಗೆ ಬಿಗಿದ ಉಕ್ಕಿನ ಸರಳುಗಳು ಅಡಿಪಾಯದವರೆಗೆ ಇಳಿದಿವೆ. ನೆಲ ನಡುಗಿದರೆ ಗೋಡೆಯ ಬುಡ ಎದ್ದು ಕೂರುತ್ತದೆ, ಸರಳುಗಳು ಅದನ್ನು ಮತ್ತೆ ನೆಟ್ಟಗೆ ಎಳೆಯುತ್ತವೆ. ಅಕ್ಕಪಕ್ಕದ ಗೋಡೆಗಳ ನಡುವೆ ಯು ಆಕಾರಕ್ಕೆ ಬಗ್ಗಿಸಿದ ಉಕ್ಕಿನ ಪಟ್ಟಿಗಳಿದ್ದು, ಪೆಟ್ಟನ್ನು ತಾವು ತಿಂದು ಬಾಗುತ್ತವೆ. ಭೂಕಂಪ ಮುಗಿದ ಮೇಲೆ ಬೋಲ್ಟು ಬಿಚ್ಚಿ ಬದಲಿಸಬೇಕಾದದ್ದು ಆ ಪಟ್ಟಿಗಳನ್ನು.