ಸವೆತ ಬೇರೆ, ಅಪಾಯ ಬೇರೆ: ಮೊಬೈಲ್ ಬ್ಯಾಟರಿ, ಚಾರ್ಜರ್ ಕುರಿತ ಟಿಪ್ಪಣಿ

ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡಿದರೆ ಫೋನ್ ಸಿಡಿಯುತ್ತದೆಯೇ? ರಾತ್ರಿಯಿಡೀ ಚಾರ್ಜಿಗಿಟ್ಟರೆ ಬ್ಯಾಟರಿ ಹಾಳಾಗುತ್ತದೆಯೇ? ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರನ್ನು ಫೋನಿಗೆ ಹಾಕಬಹುದೇ? ಹಾಸನದ ಹಾಸ್ಟೆಲುಗಳಲ್ಲಿ, ಸಕಲೇಶಪುರದ ಕಡೆಗೆ ಹೊರಟ ಸಂಜೆ ಬಸ್ಸುಗಳಲ್ಲಿ ಈ ವಾದ ದಿನವೂ ನಡೆಯುತ್ತದೆ, ಇತ್ಯರ್ಥವಾಗುವುದಿಲ್ಲ. ಬ್ಯಾಟರಿ ಬೇಗ ಸವೆಯುತ್ತದೆಯೇ ಎಂಬ ಪ್ರಶ್ನೆಯನ್ನೂ ಬೆಂಕಿ ಹತ್ತುತ್ತದೆಯೇ, ಶಾಕ್ ಹೊಡೆಯುತ್ತದೆಯೇ ಎಂಬ ಪ್ರಶ್ನೆಯನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿರುವುದೇ ಇದಕ್ಕೆ ಕಾರಣ. ಸವೆತದಲ್ಲಿ ಹೋಗುವುದು ದುಡ್ಡು, ಅಪಾಯದಲ್ಲಿ ಹೋಗುವುದು ಜೀವ. ಡಿಪ್ಲೊಮಾ, ಐಟಿಐ ಓದುತ್ತಿರುವ ಗೆಳೆಯರು ಈ ಎರಡನ್ನೂ ಬಿಡಿಸಿಕೊಂಡು ಓದಬೇಕು.

ಮೊದಲು ಕೋಶದ, ಅಂದರೆ ಬ್ಯಾಟರಿಯ ಸೆಲ್ಲಿನ, ಒಳಗಿನ ವಿಚಾರ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದಕ್ಕೆ ಅಡಿಪಾಯ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಒಂದು ಬದಿಯಲ್ಲಿ ಗ್ರಾಫೈಟ್, ಇನ್ನೊಂದು ಬದಿಯಲ್ಲಿ ಲೋಹದ ಆಕ್ಸೈಡ್, ನಡುವೆ ಸೆಪರೇಟರ್ ಎಂಬ ತೀರ ತೆಳುವಾದ ಪ್ಲಾಸ್ಟಿಕ್ ಪದರ. ಸುತ್ತಲೂ ಇರುವ ಎಲೆಕ್ಟ್ರೋಲೈಟ್ ದ್ರವ ಹೊತ್ತಿ ಉರಿಯುವ ಸ್ವಭಾವದ್ದು. ಪಾಲಿಎಥಿಲೀನ್ ಸೆಪರೇಟರ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಆ ಪದರ ಕುಸಿದು ಎರಡೂ ಬದಿ ಒಂದಕ್ಕೊಂದು ತಾಗಿದರೆ ಒಳಗೇ ಶಾರ್ಟ್ ಆಗುತ್ತದೆ. ಶಾರ್ಟ್‌ನಿಂದ ಶಾಖ, ಶಾಖದಿಂದ ಇನ್ನಷ್ಟು ರಾಸಾಯನಿಕ ಕ್ರಿಯೆ, ಅದರಿಂದ ಮತ್ತಷ್ಟು ಶಾಖ. ಪಠ್ಯದಲ್ಲಿ ಥರ್ಮಲ್ ರನ್‌ಅವೇ ಎಂದು ಓದುವುದು ಇದನ್ನೇ. ಒಮ್ಮೆ ಶುರುವಾದರೆ ಚಾರ್ಜರಿನ ಪಿನ್ ಕಿತ್ತರೂ ನಿಲ್ಲುವುದಿಲ್ಲ.

ರಾತ್ರಿಯಿಡೀ ಚಾರ್ಜಿಗಿಡುವ ಪ್ರಶ್ನೆಗೆ ಉತ್ತರ ಸುಲಭ. ಫೋನಿನೊಳಗಿನ ಚಿಪ್ ಮೊದಲು ಹೆಚ್ಚು ಕರೆಂಟ್ ಎಳೆದು ಕೋಶವನ್ನು ಅದರ ಗರಿಷ್ಠ ವೋಲ್ಟೇಜಿಗೆ ತರುತ್ತದೆ. ಸಾಮಾನ್ಯ ಕೋಶಕ್ಕೆ ಅದು 4.2 ವೋಲ್ಟ್, ಈಚಿನ ಫೋನುಗಳಲ್ಲಿ 4.4ರ ಆಸುಪಾಸಿಗೂ ಏರಿದೆ. ಆಮೇಲೆ ವೋಲ್ಟೇಜನ್ನು ಹಾಗೇ ಹಿಡಿದು, ಕರೆಂಟನ್ನು ಇಳಿಸುತ್ತ ಬಂದು ನಿಲ್ಲಿಸುತ್ತದೆ. ಬ್ಯಾಟರಿ ತುಂಬಿ ತುಳುಕುವ ಮಾತೇ ಇಲ್ಲ. ಆದರೆ ನೂರಕ್ಕೆ ನೂರು ತುಂಬಿದ ಸ್ಥಿತಿಯಲ್ಲಿ ಬೆಚ್ಚಗೆ ಗಂಟೆಗಟ್ಟಲೆ ಕುಳಿತ ಕೋಶ ಬೇಗ ಮುಪ್ಪಾಗುತ್ತದೆ. ಅದಕ್ಕೇ ಕಂಪನಿಗಳು 80 ಪ್ರತಿಶತಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಕೊಟ್ಟಿವೆ. ಇದು ಸವೆತದ ಲೆಕ್ಕ. ದಿಂಬಿನಡಿ ಅಥವಾ ರಗ್ಗಿನೊಳಗೆ ಇಟ್ಟು ಚಾರ್ಜ್ ಮಾಡಿದರೆ ಮಾತ್ರ ಶಾಖ ಹೊರಹೋಗಲು ದಾರಿಯಿಲ್ಲದೆ ಲೆಕ್ಕ ಅಪಾಯದ ಕಡೆಗೆ ವಾಲುತ್ತದೆ.

ಗೇಮಿನದೂ ಬಹುಪಾಲು ಇದೇ ಕಥೆ. ಪ್ರೊಸೆಸರಿನ ಬಿಸಿ, ಚಾರ್ಜಿಂಗಿನ ಬಿಸಿ ಎರಡೂ ಸೇರುತ್ತವೆ. ಕೋಶ 45 ಡಿಗ್ರಿಯ ಸಮೀಪಕ್ಕೆ ಬಂದರೆ ಫೋನ್ ಸಾಮಾನ್ಯವಾಗಿ ಚಾರ್ಜಿಂಗ್ ತಗ್ಗಿಸುತ್ತದೆ, ಆಟದ ವೇಗವನ್ನೂ ಇಳಿಸುತ್ತದೆ. ಪಂದ್ಯದ ನಡುವೆ ಆಟ ತಡವರಿಸತೊಡಗಿದರೆ ನೆಟ್‌ವರ್ಕನ್ನು ಬೈಯುವ ಮೊದಲು ಫೋನಿನ ಬೆನ್ನು ಮುಟ್ಟಿ ನೋಡಿ. 65 ವ್ಯಾಟ್ ಪ್ರಶ್ನೆಗೂ ಅಂಜಬೇಕಿಲ್ಲ. ಚಾರ್ಜರ್, ಫೋನ್ ಪರಸ್ಪರ ಮಾತಾಡಿಕೊಂಡು ವೋಲ್ಟೇಜ್ ಗೊತ್ತುಮಾಡುವ ಯುಎಸ್‌ಬಿ ಪವರ್ ಡೆಲಿವರಿ ಪದ್ಧತಿಯಲ್ಲಿ ಚಾರ್ಜರ್ ಮೊದಲು ಕೊಡುವುದು 5 ವೋಲ್ಟ್ ಮಾತ್ರ. ಫೋನ್ ಕೇಳಿದರಷ್ಟೇ 9 ಅಥವಾ ಅದಕ್ಕೂ ಮೇಲಿನ ವೋಲ್ಟೇಜಿಗೆ ಹೋಗುತ್ತದೆ.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ? ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಅಗ್ಗದ ಚಾರ್ಜರಿನಲ್ಲಿ. ಗೋಡೆಯ 230 ವೋಲ್ಟ್ ಎಸಿ, ಚಾರ್ಜರಿನೊಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಆ ಬದಿಗೂ ಕೇಬಲಿನ 5 ವೋಲ್ಟ್ ಬದಿಗೂ ನೇರ ಸಂಪರ್ಕ ಇರಕೂಡದು. ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕವೇ ಶಕ್ತಿ ದಾಟಬೇಕು. ಒಳ್ಳೆಯ ಚಾರ್ಜರ್ ಬಿಚ್ಚಿದರೆ ಬೋರ್ಡಿನ ಎರಡು ಬದಿಗಳ ನಡುವೆ ಕೆಲವು ಮಿಲಿಮೀಟರಿನ ಖಾಲಿ ಪಟ್ಟಿ ಕಾಣುತ್ತದೆ, ಹಲವೆಡೆ ಅಲ್ಲಿ ಬೋರ್ಡನ್ನೇ ಸೀಳಿರುತ್ತಾರೆ. ಹೆಸರಿಲ್ಲದ ಚಾರ್ಜರುಗಳಲ್ಲಿ ಬೆಸುಗೆಯ ಗುಳ್ಳೆಯೊಂದು ಆಚೆ ಬದಿಗೆ ತಾಗುವಷ್ಟು ಹತ್ತಿರ ಇರುವುದುಂಟು. ಹಲವದರಲ್ಲಿ ಫ್ಯೂಸ್ ಕೂಡ ಇರುವುದಿಲ್ಲ. ಮಳೆಗಾಲದ ಮೊದಲ ಗುಡುಗು ಸಿಡಿಲಿಗೆ ಲೈನಿನಲ್ಲಿ ವೋಲ್ಟೇಜ್ ಜಿಗಿಯುವ ನಮ್ಮ ಮಲೆನಾಡಿನಲ್ಲಿ ಇಂಥದ್ದನ್ನು ಬಳಸುವುದು ಆತ್ಮಹತ್ಯೆಗೆ ಸಮ. ಎರಡು ಬದಿಗಳ ನಡುವಿನ ಆ ತಡೆ ಮುರಿದರೆ ಮೇನ್ಸ್ ಕರೆಂಟ್ ನೇರ ಕೇಬಲಿಗೆ, ಫೋನಿಗೆ, ಕಿವಿಯಲ್ಲಿರುವ ತಂತಿಯ ಇಯರ್‌ಫೋನಿಗೆ ಬರುತ್ತದೆ. ಚಾರ್ಜಿಗೆ ಹಾಕಿ ಗೇಮ್ ಆಡುವಾಗ ಭಯಪಡಬೇಕಾದದ್ದು ಇದಕ್ಕೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಲೋಹದ ಅಂಚಿನ ಫೋನನ್ನು ಚಾರ್ಜಿಗಿಟ್ಟು ಬೆರಳಿನಿಂದ ಮೆಲ್ಲಗೆ ಸವರಿದರೆ ಜುಮ್ಮೆನ್ನುತ್ತದೆ. ಬರಿಗಾಲಿನಲ್ಲಿ ಒದ್ದೆ ಸಿಮೆಂಟ್ ನೆಲದ ಮೇಲೆ ನಿಂತಿದ್ದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಒಳ್ಳೆಯ ಚಾರ್ಜರಿನಲ್ಲೂ ಹೀಗಾಗಬಹುದು. ರೇಡಿಯೊ ಗದ್ದಲ ತಗ್ಗಿಸಲು ಎರಡು ಬದಿಗಳ ನಡುವೆ ವೈ ಕೆಪಾಸಿಟರ್ ಎಂಬುದನ್ನು ಇಟ್ಟಿರುತ್ತಾರೆ. 1 ನ್ಯಾನೊಫ್ಯಾರಡ್ ಕೆಪಾಸಿಟರ್, 230 ವೋಲ್ಟ್, 50 ಹರ್ಟ್ಜ್ ಎಂದು ಲೆಕ್ಕ ಹಾಕಿದರೆ ಹೆಚ್ಚೆಂದರೆ ಸುಮಾರು 0.07 ಮಿಲಿಆಂಪ್ ಹರಿಯುತ್ತದೆ, ಅದು ನಿರುಪದ್ರವಿ. ನಿಜವಾದ ವೈ ಕೆಪಾಸಿಟರ್ ಕೆಟ್ಟರೂ ಶಾರ್ಟ್ ಆಗದಂತೆ ಮಾಡಿರುತ್ತಾರೆ. ನಕಲಿ ಚಾರ್ಜರಿನಲ್ಲಿ ಆ ಜಾಗದಲ್ಲಿ ಸಾದಾ ಕೆಪಾಸಿಟರ್ ಹಾಕುವುದುಂಟು, ಅದು ಕೆಟ್ಟಾಗ ಶಾರ್ಟ್ ಆಗಿಬಿಡಬಹುದು. ಜುಮ್ಮೆನ್ನುವುದು ಚುರುಕ್ಕೆನ್ನುವ ಹೊಡೆತವಾದರೆ ಆ ಚಾರ್ಜರನ್ನು ಅಂದೇ ಎಸೆಯಿರಿ.

ಎರಡನೆಯ ಅಪಾಯ ಪೆಟ್ಟು ತಿಂದ ಅಥವಾ ಉಬ್ಬಿದ ಕೋಶ. ಎಲೆಕ್ಟ್ರೋಲೈಟ್ ಒಡೆದು ಅನಿಲವಾದಾಗ ಉಬ್ಬು ಬರುತ್ತದೆ. ಗಾಜು ಚೌಕಟ್ಟಿನಿಂದ ಮೇಲೆದ್ದು ಅಂಚಿನಲ್ಲಿ ಬೆಳಕು ಸೋರುತ್ತದೆ, ಮೇಜಿನ ಮೇಲಿಟ್ಟ ಫೋನ್ ತೂಗಾಡುತ್ತದೆ. ಅದನ್ನು ಒತ್ತಿ ಕೂರಿಸುವುದು, ಸೂಜಿಯಿಂದ ಚುಚ್ಚಿ ಗಾಳಿ ಬಿಡುವುದು ದಯವಿಟ್ಟು ಬೇಡ. ಕೋಶದ ಸಣ್ಣ ದೋಷವೂ ಎಷ್ಟು ದುಬಾರಿ ಎಂಬುದಕ್ಕೆ 2016ರ ಗ್ಯಾಲಕ್ಸಿ ನೋಟ್ 7 ಸಾಕ್ಷಿ. ಒಂದು ಪೂರೈಕೆದಾರರ ಕೋಶದಲ್ಲಿ ಎಲೆಕ್ಟ್ರೋಡಿನ ಮೂಲೆ ಬಾಗಿತ್ತು. ಬದಲಿಗೆ ಕೊಟ್ಟ ಇನ್ನೊಬ್ಬರ ಕೋಶದಲ್ಲಿ ಬೆಸುಗೆಯ ಮೊನೆಗಳು ಉಳಿದಿದ್ದವು. ಸ್ಯಾಮ್ಸಂಗ್ ಆ ಮಾದರಿಯನ್ನೇ ಕೈಬಿಟ್ಟಿತು.

ಕೊಳ್ಳುವಾಗ ಸಿಇ ಗುರುತು ನೋಡಿ ಸಮಾಧಾನಪಡಬೇಡಿ. ಅದು ಯುರೋಪಿನ ಮಾರುಕಟ್ಟೆಗಾಗಿ ಇರುವ ಗುರುತು. ನಮ್ಮ ದೇಶದಲ್ಲಿ 2012ರ ಆದೇಶದಿಂದ ಶುರುವಾದ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಕಡ್ಡಾಯ ನೋಂದಣಿಯ ವ್ಯಾಪ್ತಿಗೆ ಅಡಾಪ್ಟರ್, ಪವರ್ ಬ್ಯಾಂಕ್, ಬ್ಯಾಟರಿ ಎಲ್ಲವೂ ಬರುತ್ತವೆ. ಚಾರ್ಜರಿಗೆ ಐಎಸ್ 13252, ಕೋಶಕ್ಕೆ ಐಎಸ್ 16046, ಜೊತೆಗೆ ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಗಳ ಸಂಖ್ಯೆ. ನಕಲಿ ಸಂಖ್ಯೆಯನ್ನೂ ಅಚ್ಚು ಹಾಕುತ್ತಾರೆ. ಆದ್ದರಿಂದ ಅಂಗಡಿಯಲ್ಲಿ ನಿಂತೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ತಯಾರಕರ ಹೆಸರು ಹೊಂದುತ್ತದೆಯೇ ನೋಡಿ. ಬಿಲ್ ಕೇಳಿ ಪಡೆಯಿರಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಅದು ಬೇಕಾಗುತ್ತದೆ.

ಅಭ್ಯಾಸಕ್ಕೆ ಒಂದು ಲೆಕ್ಕ. 5000 ಎಂಎಎಚ್, 3.85 ವೋಲ್ಟಿನ ಫೋನ್ ಬ್ಯಾಟರಿಯಲ್ಲಿ 19.25 ವ್ಯಾಟ್ ಅವರ್ ಶಕ್ತಿಯಿದೆ, ಅಂದರೆ ಸುಮಾರು 69 ಕಿಲೊಜೌಲ್. 20000 ಎಂಎಎಚ್, 3.7 ವೋಲ್ಟಿನ ಪವರ್ ಬ್ಯಾಂಕಿನಲ್ಲಿ ಎಷ್ಟಿದೆ, ಅದು ವಿಮಾನದ 100 ವ್ಯಾಟ್ ಅವರ್ ಮಿತಿಯೊಳಗೆ ಬರುತ್ತದೆಯೇ, 3 ಕಿಲೊವ್ಯಾಟ್ ಅವರ್ ಬ್ಯಾಟರಿಯ ಎಲೆಕ್ಟ್ರಿಕ್ ಸ್ಕೂಟರ್ ಅಂಥ ಎಷ್ಟು ಫೋನುಗಳಿಗೆ ಸಮ ಎಂಬುದನ್ನು ನೀವೇ ಬಿಡಿಸಿ.